ಹಾಡು ಸುರುವಾಗುವುದು ಯಾವಾಗ?

ಆಳೆತ್ತರದ ಚೀಲವೊಂದನ್ನು ಬೆನ್ನಿಗೇರಿಸಿಕೊಂಡು ಹೈದರಾಬಾದಿನ ಮಿಯಾಪುರ ಮೆಟ್ರೋ ನಿಲ್ದಾಣಕ್ಕೆ ಕಾಲಿಟ್ಟವನಿಗೆ ಈ ಲೋಕದಲ್ಲಿ ಅಪರಿಚಿತರೆಂಬವರು ಉಳಿಯುವುದಿಲ್ಲ. ಎಲ್ಲರ ಪ್ರಶ್ನೆಯೂ ಒಂದೇ: ಒಳಗೇನಿದೆ? ಕೂಲರ್ ಎಂದವರಿದ್ದಾರೆ, ಮಡಚುವ ಮಂಚ ಎಂದವರಿದ್ದಾರೆ, ಕಾವಲಿನವನೊಬ್ಬ ನಾನು ಮನುಷ್ಯನನ್ನೇ ತುಂಬಿಕೊಂಡಿದ್ದೇನೋ ಎಂಬ ಗುಮಾನಿಯಲ್ಲಿ, "ಅಂದರ್ ಆದ್ಮೀ ತೋ ನೈ ಹೈ ನಾ?" ಎಂದು ದನಿ ತಗ್ಗಿಸಿ ವಿಚಾರಿಸಿದ್ದೂ ಉಂಟು. ಇದು ಡಬಲ್ ಬಾಸ್, ಪಿಟೀಲಿನ ವಂಶದ ಮುತ್ತಜ್ಜ, ನಿಂತು ನುಡಿಸಬೇಕಾದ, ಗುಡುಗಿನ ಸೋದರಮಾವನಂಥ ದನಿಯ ವಾದ್ಯ ಎಂದು ನಾನು ವಿವರಿಸಿ ಮುಗಿಸುವಷ್ಟರಲ್ಲಿ ರೈಲು ಹೋಗಿರುತ್ತದೆ.

ನಮ್ಮ ವಂಶದಲ್ಲಿ ನಾನು ಮೊದಲ ಪದವೀಧರ. ಅವ್ವ ಯಾದಗಿರಿ ಕಡೆಯಿಂದ ಬಂದು, ಇಲ್ಲಿನ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತು ಓದಿಸಿದ ಬಿ.ಕಾಂ. ಅದು. ಪ್ರಮಾಣಪತ್ರ ದೇವರ ಪಟದ ಪಕ್ಕದಲ್ಲೇ ತೂಗುತ್ತಿದೆ. ಊದಿನಕಡ್ಡಿಯ ಹೊಗೆ ಎರಡಕ್ಕೂ ಸಮಪಾಲು. ಅಂಥ ಪದವಿ ಹಿಡಿದು ನಾನು ಮಾಡಿದ್ದಾದರೂ ಏನು? ಸಿಕಂದರಾಬಾದಿನ ಹೋಟೆಲೊಂದರಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲಿ ಸಂಜೆ ಹೊತ್ತು ಜಾಝ್ ನುಡಿಸುತ್ತಿದ್ದ ವೃದ್ಧರೊಬ್ಬರ ಬಾಸಿಗೆ ಮರುಳಾಗಿ, ಅವರ ಶಿಷ್ಯತ್ವ ಸ್ವೀಕರಿಸಿ, ಗುಮಾಸ್ತಿಕೆಗೆ ತಿಲಾಂಜಲಿಯಿತ್ತೆ. ಕಲಿತು ಮುಗಿಸುವ ಹೊತ್ತಿಗೆ ಊರಲ್ಲಿ ಜಾಝ್ ಕೇಳುವವರು ನುಡಿಸುವವರಿಗಿಂತ ಕಡಿಮೆಯಾಗಿದ್ದರು. ಹೀಗಾಗಿ ಖವ್ವಾಲಿಯವರ ಹಿಂದೆ ನಿಂತೆ, ತತ್ವಪದದವರ ಹಿಂದೆ ನಿಂತೆ, ಆಫ್ರಿಕದ ಡೋಲು, ಅರಬ್ಬಿ ತಂತಿವಾದ್ಯಗಳ ಹಿಂದೆಯೂ ನಿಂತೆ. ಪೋಸ್ಟರುಗಳಲ್ಲಿ ವಿಶ್ವಸಂಗೀತ ಎಂದು ಅಚ್ಚಾಗುವ ಆ ವಿಶ್ವದಲ್ಲಿ ನನ್ನ ಕಾಯಂ ವಿಳಾಸ ಹಿಂದಿನ ಸಾಲು. ಬಾಸಿನವನು ನುಡಿಸುತ್ತಿದ್ದರೆ ಯಾರ ಗಮನಕ್ಕೂ ಬರುವುದಿಲ್ಲ. ನಿಲ್ಲಿಸಿದರೆ ಮಾತ್ರ ಏನೋ ಕಳೆದುಹೋಯಿತೆಂದು ಎಲ್ಲರೂ ತಡಕಾಡುತ್ತಾರೆ.

ಅವ್ವ ನೆರೆಯವರಿಗೆ, "ಮಗಾ ಆಫೀಸಿಗಿ ಹೋಗ್ತಾನ್ರಿ" ಎಂದಷ್ಟೇ ಹೇಳುತ್ತಿದ್ದಳು. ಬಾಸಿಗೆ ತನ್ನ ಹಳೆಯ ಸೀರೆ ಹೊದಿಸಿ, ನಾಚಿಕೆಯ ಹೊಸ ಸೊಸೆಯಂತೆ ಮೂಲೆಯಲ್ಲಿ ನಿಲ್ಲಿಸಿದ್ದಳು.

ನಿಜವಾದ ಸೊಸೆಯ ಮಾತು ಬಂದದ್ದು ಕಳೆದ ಬೇಸಿಗೆಯಲ್ಲಿ. ಹುಡುಗಿಯ ತಂದೆ, ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಧಾರವಾಡ ಕಡೆಯ ಹಿರಿಯರು, ನಮ್ಮ ಮನೆ ನೋಡಲು ಬಂದರು. ಫೋಟೊದಲ್ಲಿ ಹುಡುಗಿ ನನಗೆ ಹಿಡಿಸಿದ್ದಳು. ಅವ್ವನಿಗೋ, ಈ ಸಂಬಂಧ ತಪ್ಪಿದರೆ ಮಗ ಬ್ರಹ್ಮಚಾರಿಯಾಗೇ ಉಳಿದಾನೆಂಬ ಭಯ. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಬಾಸಿನ ಮೇಲಿನ ಸೀರೆ ಜಾರಿತು.

"ಇದೇನ್ರಿ ತಮ್ಮಾ?"

"ಬಾಜಾ ರೀ. ಇದ ನನ್ನ ಕೆಲಸ."

ಅವ್ವ ಚಹಾದ ನೆಪದಲ್ಲಿ ಅಡುಗೆಮನೆ ಸೇರಿದಳು.

"ಹಂಗಾರ ಒಂದ್ ಹಾಡು ಬಾರಸ್ರಿ, ಕೇಳೂಣು."

ಆಗ ನಾನು ಮಾಡಿದ ಪೆದ್ದುತನ ಬಾಸಿನವರಿಗಷ್ಟೇ ಸಾಧ್ಯ. ಜನ್ಮವಿಡೀ ಇನ್ನೊಬ್ಬರ ಹಾಡಿನ ಅಡಿಯಲ್ಲಿ ನುಡಿಸಿದವನಿಗೆ ಹಾಡು ತಲೆಯೊಳಗೆ ತಾನಾಗಿ ಕೇಳುತ್ತಿರುತ್ತದೆ. ಅದು ಹೊರಗಿನವರಿಗೂ ಕೇಳುತ್ತಿದೆಯೆಂಬುದು ಅವನ ಭ್ರಮೆ. ಆ ವಾರ ನಮ್ಮ ತಂಡಕ್ಕಾಗಿ ಅವ್ವನದೇ ಬೀಸುವ ಪದವೊಂದಕ್ಕೆ ಬಾಸು ಹೊಂದಿಸುತ್ತಿದ್ದೆ. ಅದನ್ನೇ ಕಣ್ಣು ಮುಚ್ಚಿ, ತನ್ಮಯನಾಗಿ, ದುಂ ದುಂ ಎಂದು ಬಾರಿಸಿದೆ. ಕಣ್ಣು ತೆರೆದರೆ ಹಿರಿಯರು ಸಹನಾಮೂರ್ತಿಯಾಗಿ ಕೂತಿದ್ದರು.

"ಚಲೋ ಐತ್ರಿ. ಹಾಡು ಯಾವಾಗ ಸುರು ಆಗತೈತಿ?"

ನನ್ನ ಪದವಿ, ನನ್ನ ಜಾಝ್, ನನ್ನ ವಿಶ್ವ ಎಲ್ಲವೂ ಒಟ್ಟಿಗೇ ಬೆವರಿದವು. ಕೈ ಮಾತ್ರ ನಿಲ್ಲಿಸುವ ಧೈರ್ಯವಿಲ್ಲದೆ ದುಂ ದುಂ ಎನ್ನುತ್ತಲೇ ಇತ್ತು. ಆಗ ಒಳಗೆ ಚಹಾ ಸೋಸುತ್ತಿದ್ದ ಅವ್ವ ಪದ ಎತ್ತಿದಳು. ಸಿಮೆಂಟಿನ ಧೂಳು ಕುಡಿದ ಒರಟು ಕಂಠ. ಆದರೆ ಎಲ್ಲಿ ಹೆಜ್ಜೆಯಿಡಬೇಕೋ ಸರಿಯಾಗಿ ಅಲ್ಲೇ ಇಟ್ಟಿತು. "ಆ ಸದ್ದು ಬಂದ್ ಮಾಡೋ ಮಾರಾಯಾ" ಎಂದು ವಾರವಿಡೀ ಬೈದವಳು ವಾರವಿಡೀ ಕೇಳಿಸಿಕೊಂಡಿದ್ದಳು! ಹಾಡುತ್ತಲೇ ಕಪ್ಪು ಹಿಡಿದು ಹೊರಬಂದಳು. ಹಿರಿಯರು ಚಹಾ ಮರೆತು ತೊಡೆಯ ಮೇಲೆ ತಾಳ ಹಾಕಿದರು.

ಸಂಬಂಧ ಕುದುರಲಿಲ್ಲ. "ನಿಮ್ಮ ಅವ್ವಾರು ಭಾಳ ಛಂದ ಹಾಡತಾರ್ರಿ" ಎಂದು ಫೋನಿನಲ್ಲಿ ಹೊಗಳಿದ ಹಿರಿಯರು ನನ್ನ ವಿಷಯ ಬಂದೊಡನೆ ಮಳೆ-ಬೆಳೆ ವಿಚಾರಿಸಿ ಫೋನಿಟ್ಟರು. ಬಾಸಿಗೆ ಹೊದಿಸಿದ್ದ ಸೀರೆ ಮಾತ್ರ ಅಂದೇ ಟ್ರಂಕು ಸೇರಿತು.

ಮೊನ್ನೆ ನಮ್ಮ ಕಾರ್ಯಕ್ರಮಕ್ಕೆ ಅವ್ವನೂ ಹೊರಟಳು, ಆ ಪದ ಹಾಡುವುದಕ್ಕೇ. ಚೀಲದ ಬುಡಕ್ಕೆ ಕೈಕೊಟ್ಟು ಹಿಂದೆ ಹಿಂದೆ ಬರುತ್ತಿದ್ದಳು. ಮಿಯಾಪುರದಲ್ಲಿ ಕಾವಲಿನವನು ಅಡ್ಡ ಬಂದು ಅದೇ ಪ್ರಶ್ನೆ ಹಾಕಿದ. ನಾನು ಪಿಟೀಲಿನ ವಂಶಾವಳಿ ಬಿಚ್ಚುವ ಮೊದಲೇ ಅವ್ವ ತನ್ನ ಹೈದರಾಬಾದಿ ಹಿಂದಿಯಲ್ಲಿ ಮುಗಿಸಿಬಿಟ್ಟಳು:

"ಬೇಟೇ ಕಾ ಆಫೀಸ್ ಹೈ ಭೈ. ಜರಾ ಸಂಭಾಲ್‌ಕೆ."

ಅಂದು ನಮಗೆ ರೈಲು ಸಿಕ್ಕಿತು.