ಯಾರೂ ಮಲಗದ ಡೇರೆಗಳು

ಸ್ಯಾನ್ ರಮೋನಿನ ನಮ್ಮ ಮನೆಯಿಂದ ಉಗ್ರಾಣಕ್ಕೆ ಹೋಗಬೇಕೆಂದರೆ ಲಿವರ್‌ಮೋರ್ ದಾಟಿ, ಗಾಳಿಯಂತ್ರಗಳು ನಿಂತ ಬೋಳುಗುಡ್ಡ ಹತ್ತಿ ಆಚೆ ಇಳಿಯಬೇಕು. ಬೆಳಿಗ್ಗೆ ಊರಿಗೆ ಊರೇ ಈಚೆಗೆ ಬರುತ್ತಿರುತ್ತದೆ, ನಾನು ಆಚೆಗೆ ಹೋಗುತ್ತಿರುತ್ತೇನೆ. ಸಂಜೆಯೂ ಹಾಗೆಯೇ, ತಿರುವುಮುರುವು. "ನಿನಗೆ ಟ್ರಾಫಿಕ್ಕೇ ಇಲ್ವಲ್ಲೇ, ಪುಣ್ಯವಂತೆ" ಎನ್ನುತ್ತಿದ್ದರು ನನ್ನ ಗಂಡ. ಆ ಪುಣ್ಯವೆಲ್ಲ ಫ್ರೀವೇಯಲ್ಲೇ ಮುಗಿದುಹೋಗುತ್ತಿತ್ತು. ಉಗ್ರಾಣದ ಬಾಗಿಲು ತೆಗೆದರೆ ಮೇಣ, ಹಗ್ಗ, ಹಳೆಯ ಬಟ್ಟೆ ಸೇರಿದ ಒಂದು ಮುಗ್ಗಲು ವಾಸನೆ ಬಂದು ಮುಖಕ್ಕೆ ಬಡಿಯುತ್ತಿತ್ತು.

ಅದು ಸೈನ್ಯದ ಸಾಮಾನು ಇಡುವ ಜಾಗ. ಬಂದೂಕು, ಮದ್ದುಗುಂಡು ಅಲ್ಲ. ಡೇರೆ, ಕಂಬಳಿ, ರಬ್ಬರ್ ಬೂಟು, ಗಾಯಾಳುಗಳನ್ನು ಹೊರುವ ಸ್ಟ್ರೆಚರು, ಇಂಥವು. ಎಂದಾದರೊಂದು ದಿನ ಬೇಕಾದೀತು ಎಂದು ವರ್ಷಗಟ್ಟಲೆ ಕಾದಿಟ್ಟ ಸರಕು. ಅದು ಕೆಡದಂತೆ ನೋಡಿಕೊಳ್ಳುವ ಗುತ್ತಿಗೆ ಕಂಪನಿಯೊಂದರಲ್ಲಿ ನಾನು ತಪಾಸಣೆಯವಳು. ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬಟ್ಟೆಯ ಗುಣಮಟ್ಟ ನೋಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಬಹಳ ಕಾಲ ಮನೆಯಲ್ಲೇ ಇದ್ದು, ಸಿಟಿಜನ್‌ಶಿಪ್ಪು ಸಿಕ್ಕ ನಂತರ ಅರ್ಜಿ ಹಾಕಿದಾಗ ನನ್ನ ಹಳೆಯ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡವರು ಇವರೊಬ್ಬರೇ.

ನನ್ನ ಪಾಲಿಗೆ ಬಂದದ್ದು ಕ್ಯಾನ್‌ವಾಸ್ ಡೇರೆಗಳ ಸಾಲು. ಯುದ್ಧಭೂಮಿಯಲ್ಲಿ ಆಸ್ಪತ್ರೆ ಮಾಡಲೆಂದು ಹೊಲಿದ ದೊಡ್ಡ ಡೇರೆಗಳು. ಬೀರುವಿನಲ್ಲಿರುವ ರೇಷ್ಮೆ ಸೀರೆಯನ್ನು ಆಗಾಗ ಬಿಚ್ಚಿ ಮಡಿಕೆ ಬದಲಿಸದಿದ್ದರೆ ಮಡಿಚಿದ ಕಡೆಯೇ ಸೀಳುತ್ತದಲ್ಲ, ಇವೂ ಹಾಗೆಯೇ. ಒಂದೊಂದನ್ನೂ ಕೆಳಗಿಳಿಸಿ, ನೆಲದ ಮೇಲೆ ಹರಡಿ, ಹೊಲಿಗೆ ನೋಡಿ, ಬೂಷ್ಟು ಇದೆಯೇ ಎಂದು ಮೂಸಿ, ಬೇರೆ ಗೆರೆಯ ಮೇಲೆ ಮಡಿಚಿ, ತೇವ ಹೀರುವ ಪುಟ್ಟ ಚೀಲಗಳನ್ನು ನಡುವೆ ಇಟ್ಟು ಮತ್ತೆ ಕಟ್ಟಬೇಕು. ಸೀರೆಯ ಭಾರ ಎಷ್ಟು, ಇದರ ಭಾರ ಎಷ್ಟು! ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲನೆಯದರ ಸರದಿ ಮತ್ತೆ ಬಂದಿರುತ್ತಿತ್ತು.

ನನ್ನ ಜೊತೆಗಿದ್ದವರು ಫಿಲಿಪೀನ್ಸ್ ಮೂಲದ ಒಬ್ಬ ಹಿರಿಯರು. ಹಿಂದೆ ಸೈನ್ಯದಲ್ಲಿ ಅಡುಗೆ ಮಾಡಿದವರು. ಡೇರೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ಆದರೂ ನನ್ನ ನೆನಪಿನಲ್ಲಿ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

"ಸಿಸ್ಟರ್, ಇದರೊಳಗೆ ಯಾರಾದರೂ ಮಲಗಿದ್ದಾರಾ ಇಲ್ಲಿವರೆಗೆ?"

"ಯಾರೂ ಇಲ್ಲ."

"ಒಳ್ಳೆಯದೇ ಆಯಿತು" ಎಂದು ನಕ್ಕು ತಮ್ಮ ತುದಿ ಎತ್ತುತ್ತಿದ್ದರು. ಆಮೇಲೆ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದರು.

ನನಗೆ ಬಲ ಭುಜ. ಮೊದಮೊದಲು ರಾತ್ರಿ ಮಾತ್ರ ನೋಯುತ್ತಿದ್ದುದು ಬರಬರುತ್ತಾ ಕುಕ್ಕರ್ ಇಳಿಸಲೂ ಆಗದಂತಾಯಿತು. ಮನೆಗೆ ಬಂದು ಸೋಫಾದಲ್ಲಿ ಕುಳಿತರೆ ಹೈಸ್ಕೂಲಿನ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಯು ಸ್ಮೆಲ್ ಲೈಕ್ ಎ ಬೇಸ್‌ಮೆಂಟ್" ಎನ್ನುತ್ತಿದ್ದಳು. ಸ್ನಾನಕ್ಕೆ ಏಳಲೂ ಶಕ್ತಿ ಇರುತ್ತಿರಲಿಲ್ಲ.

"ಬಿಟ್ಟುಬಿಡೇ ಆ ಕೆಲಸಾನ" ಎಂದರು ಗಂಡ.

"ಬಿಟ್ಟು? ಮತ್ತೆ ಮನೇಲಿ ಕೂತ್ಕೊಳ್ಳಾ?" ಎಂದೆ.

ಒಂದು ಚಳಿಗಾಲ ಮಳೆ ವಿಪರೀತವಾಗಿ ಚಾವಣಿ ಸೋರಿತು. ಬೇಸಿಗೆಯ ಹೊತ್ತಿಗೆ ನಮ್ಮ ಸಾಲಿನ ಒಂದು ಮೂಲೆಯಲ್ಲಿದ್ದ ಡೇರೆಗಳಿಗೆ ಕಪ್ಪು ಬೂಷ್ಟು ಬಂದಿತ್ತು. ಮೇಲ್ವಿಚಾರಕಿ, ನೆಟ್ಟಗೆ ಮಾತಾಡುವ ಬಿಳಿಯ ಹೆಂಗಸು, ಬಂದು ನೋಡಿ, "ಒಂದನ್ನು ಹೊರಗೆ ನಿಲ್ಲಿಸಿ, ಬಿಸಿಲಿನಲ್ಲಿ ಪೂರ್ತಿ ನೋಡಿ" ಎಂದರು.

ಕಂಬ ನೆಟ್ಟು, ಗೂಟ ಹೊಡೆದು, ಹಗ್ಗ ಎಳೆದು ಕಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಸಲ ಮಡಿಚಿದ ಆ ಬಟ್ಟೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಹೋದೆವು. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಹಸಿರು ಬಣ್ಣದ ಮಂದ ಬೆಳಕು, ತಣ್ಣನೆಯ ನೆಲ. ಬಟ್ಟೆಯಲ್ಲಿ ಅಲ್ಲಲ್ಲಿ ಸೂಜಿಮೊನೆಯಂಥ ತೂತುಗಳಿದ್ದವು, ಅವುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೂ ಹೇಳಲಿಲ್ಲ.

"ಊಟ ಇಲ್ಲೇ ಮಾಡೋಣ" ಎಂದರು ಹಿರಿಯರು.

ನಾನು ಮೊಸರನ್ನದ ಡಬ್ಬಿ ತೆಗೆದೆ, ಅವರು ಅನ್ನ ಮತ್ತು ಒಣಮೀನು. ಉಂಡು ಅವರು ಅಲ್ಲೇ ಅಡ್ಡಾದರು. ಎರಡೇ ನಿಮಿಷಕ್ಕೆ ಗೊರಕೆ. ಎಬ್ಬಿಸಬೇಕೆನಿಸಲಿಲ್ಲ. ನಾನೂ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಗಾಳಿಗೆ ಬಟ್ಟೆ ಪಟಪಟ ಬಡಿದುಕೊಳ್ಳುತ್ತಿತ್ತು. ಕಣ್ಣು ಬಿಟ್ಟಾಗ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ಮಲಗಿದವರನ್ನು ನೋಡಿ, ನನ್ನನ್ನು ನೋಡಿ, "ಸಂಜೆಯೊಳಗೆ ಬಿಚ್ಚಿಬಿಡಿ" ಎಂದಷ್ಟೇ ಹೇಳಿ ಹೋದರು.

ಮರುದಿನ ಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ, ಜಗ್ಗುವ ಯಂತ್ರಕ್ಕೆ ಕೊಟ್ಟು ಪರೀಕ್ಷೆ ಮಾಡಿದೆ. ಬೂಷ್ಟು ಹಿಡಿದದ್ದು ಪರ್ರೆಂದು ಹರಿಯಿತು, ಅದು ನಿರೀಕ್ಷಿಸಿದ್ದೇ. ಆದರೆ ನೀರು ಸೋಕದ, ಒಣಗಿ ಚೆನ್ನಾಗಿದ್ದ ಡೇರೆಗಳ ಪಟ್ಟಿಗಳೂ ತಡೆಯಲಿಲ್ಲ. ಮಳೆಯ ತಪ್ಪಲ್ಲ. ನೂಲಿಗೇ ವಯಸ್ಸಾಗಿತ್ತು. ಇಡೀ ಸಾಲು ಉಪಯೋಗಕ್ಕೆ ಬಾರದು ಎಂದು ವರದಿ ಕೊಟ್ಟೆ.

"ಇನ್ನೊಂದೆರಡು ವರ್ಷ ಬರುತ್ತದೆ ಅಂತ ಬರೆಯಬಹುದಿತ್ತಲ್ಲ, ಸಿಸ್ಟರ್" ಎಂದರು ಹಿರಿಯರು. ಅರ್ಧ ತಮಾಷೆ, ಅರ್ಧ ನಿಜ.

"ಅದರ ಕೆಳಗೆ ಗಾಯಗೊಂಡವರು ಮಲಗೋದು. ಗಾಳಿಗೆ ಹರಿದು ಅವರ ಮೇಲೆ ಬಿದ್ದರೆ?"

ಅವರು ತಲೆಯಾಡಿಸಿದರು. "ಸರಿ. ಬರೆದದ್ದು ಸರಿ."

ಯಾರಿಗೂ ಕೊಡುವಂತಿಲ್ಲ, ಮಾರುವಂತಿಲ್ಲ, ಕತ್ತರಿಸಿ ಹಾಕಿ ಎಂದು ಮೇಲಿನಿಂದ ಆದೇಶ ಬಂತು. ಕತ್ತರಿಸುವ ಕೆಲಸವೂ ನಮಗೇ ಬಂತು. ಕರೆಂಟಿನ ಕತ್ತರಿ ಅವರ ಕೈಯಲ್ಲಿ, ಬಟ್ಟೆ ಬಿಗಿಯಾಗಿ ಹಿಡಿಯುವುದು ನಾನು. ದಿನವೂ ಅದೇ. ಯಾವ ಡೇರೆಯ ಯಾವ ಮೂಲೆಯಲ್ಲಿ ಹೊಲಿಗೆ ಬಿಟ್ಟಿತ್ತು, ಎಲ್ಲಿ ನಾನೇ ತೇಪೆ ಹಾಕಿದ್ದೆ, ಎಲ್ಲ ಗೊತ್ತಿತ್ತು. ಅಳು ಬರಲಿಲ್ಲ. ಕೋಪವೂ ಇಲ್ಲ. ಜ್ವರ ಬಿಟ್ಟ ಮೇಲೆ ಮೈ ಇರುತ್ತದಲ್ಲ, ಹಾಗಿತ್ತು. ಒಂದು ದಿನ ಅವರು ಕತ್ತರಿ ನಿಲ್ಲಿಸಿ ಕೇಳಿದರು:

"ಇಷ್ಟು ವರ್ಷ ನಾವು ಏನು ಮಾಡಿದೆವು ಅಂತೀಯ?"

ನಾನು ಯೋಚಿಸಿದೆ. "ಬೇಕಾದರೆ ಇರಲಿ ಅಂತ ಇಟ್ಟಿದ್ದೆವು. ಬೇಕಾಗಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಅವರಿಗೆ ಅದು ಸಾಕೆನಿಸಿತೋ ಇಲ್ಲವೋ, ಮತ್ತೆ ಕತ್ತರಿ ಹಿಡಿದರು. ಆ ಸಾಲು ಖಾಲಿಯಾದ ಮೇಲೆ ಅವರು ಕೆಲಸ ಬಿಟ್ಟು ಸ್ಯಾಕ್ರಮೆಂಟೋದಲ್ಲಿರುವ ಮಗಳ ಮನೆಗೆ ಹೋದರು. ಹೋಗುವ ದಿನ ದೊಡ್ಡ ಪಾತ್ರೆಯಲ್ಲಿ ನೂಡಲ್ಸ್ ಮಾಡಿ ತಂದಿದ್ದರು. ನನಗೆಂದು ಮಾಂಸ ಹಾಕದೆ ಬೇರೆಯೇ ಒಂದು ಡಬ್ಬಿ.

ಆ ಜಾಗಕ್ಕೆ ಹೊಸ ಡೇರೆಗಳು ಬಂದವು. ಸಿಂಥೆಟಿಕ್ ಬಟ್ಟೆ, ಗಾಳಿ ಹೋಗದ ಹಾಗೆ ಮುಚ್ಚಿದ ಮೂಟೆಗಳು. ಬಿಚ್ಚುವಂತಿಲ್ಲ, ಹೊರಗಿನಿಂದ ನೋಡಿದರೆ ಸಾಕು. ನನ್ನನ್ನು ರಬ್ಬರ್ ಬೂಟುಗಳ ಸಾಲಿಗೆ ಹಾಕಿದರು. ಒಂದೊಂದೇ ಬೂಟನ್ನು ಬಗ್ಗಿಸಿ ಬಿರುಕು ಇದೆಯೇ ಎಂದು ನೋಡುತ್ತೇನೆ. ಕೂತು ಮಾಡುವ ಕೆಲಸ. ಭುಜದ ನೋವು ಅರ್ಧಕ್ಕರ್ಧ ಇಳಿದಿದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಒಂದು ಆಯಾಸ ಬಂದು ಪಕ್ಕದಲ್ಲಿ ಕೂರುತ್ತದೆ. ಆಗ ಎದ್ದು ಸ್ವಲ್ಪ ನೀರು ಕುಡಿದು ಬಂದು ಮುಂದಿನ ಪೆಟ್ಟಿಗೆ ತೆಗೆಯುತ್ತೇನೆ.