ಬೊಲೊನ್ಯಾದಲ್ಲಿ ಬಡಿದ ರೊಟ್ಟಿ

ಗೆಳತಿ ಬರುತ್ತಾಳೆಂದು ಬೊಲೊನ್ಯಾದ ರೈಲು ನಿಲ್ದಾಣದಲ್ಲಿ ಕಾಯುತ್ತ ನಿಂತಾಗ ನನಗೆ ಊರು ತೋರಿಸುವ ಚಿಂತೆ ಇರಲಿಲ್ಲ. ಇಟಲಿಯ ಈ ಹಳೇ ಊರನ್ನು ಯಾರು ಬೇಕಾದರೂ ತೋರಿಸಬಹುದು, ಕಾಲು ಗಟ್ಟಿ ಇದ್ದರೆ ಸಾಕು. ನನಗಿದ್ದದ್ದು ಒಂದೇ ಹಟ. ಅವಳು ನನ್ನ ಮನೆಗೆ ಬರಬೇಕು, ನಾನು ಬಡಿದ ರೊಟ್ಟಿ ಉಣ್ಣಬೇಕು.

ಇದೇನು ದೊಡ್ಡ ಮಾತು ಅಂತ ಕೇಳುವವರು ನಮ್ಮ ಕಡೆಯವರಲ್ಲ ಬಿಡಿ. ನಾನು ಮೂಡಲಗಿ ಹತ್ತಿರದ ಮಸಗುಪ್ಪಿಯವಳು. ನಮ್ಮ ಮನೆಯ ಗೋಡೆಗೆ ಬುದ್ಧನ ಫೋಟೋ ಇದೆ. ಅಜ್ಜನ ಕಾಲದಲ್ಲಿ ಆ ಫೋಟೋ ಬರುವ ಮೊದಲು ನಮ್ಮನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಊರು ಇವತ್ತಿಗೂ ಮರೆತಿಲ್ಲ. ಅವಳು ಕೌಜಲಗಿಯ ಲಿಂಗಾಯತ ವ್ಯಾಪಾರಸ್ಥರ ಮಗಳು. ಗೋಕಾಕದ ಕಾಲೇಜಿನಲ್ಲಿ ನಮ್ಮದು ಒಂದೇ ಬೆಂಚು, ಒಬ್ಬರ ಗುಟ್ಟು ಇನ್ನೊಬ್ಬರ ಹೊಟ್ಟೆಯಲ್ಲಿ. ಆದರೂ ನಮ್ಮ ಮನೆಗೆ ಬಂದಾಗೆಲ್ಲ, "ಒಲ್ಲೆ, ಈಗರ ಚಾ ಕುಡದ ಬಂದೇನಿ" ಅನ್ನುತ್ತಿದ್ದಳು. ಅವ್ವ ಅವಳ ಮುಂದಿಟ್ಟ ಚಹಾ ಆರಿ ಕೆನೆಗಟ್ಟುತ್ತಿತ್ತು.

ಮುಂದೆ ಅವಳು ಮದುವೆಯಾಗಿ ಹುಕ್ಕೇರಿಗೆ ಹೋದಳು. ನಾನು ಕೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಊರಿಗೆ ಹೋಗಿಬರುವಾಗ ಹುಕ್ಕೇರಿಯಲ್ಲಿ ಇಳಿದರೆ ಅವಳೇ ಬಸ್‌ಸ್ಟ್ಯಾಂಡಿಗೆ ಓಡಿ ಬರುತ್ತಿದ್ದಳು. ಮನೆಗೆ ಮಾತ್ರ ಕರೆಯುತ್ತಿರಲಿಲ್ಲ. "ನಮ್ಮ ಅತ್ತಿ ಭಾಳ ಮಡಿ ಮಾಡತಾಳಲೇ. ನನ್ನ ಕೈಯಾಗ ಏನೈತಿ ಹೇಳ? ನೀ ತಪ್ಪ ತಿಳಕೋಬ್ಯಾಡ." ನಾನು ತಪ್ಪು ತಿಳಿಯಲಿಲ್ಲ. ಬೈದದ್ದೆಲ್ಲ ಮುಖ ಕಾಣದ ಆ ಅತ್ತೆಯನ್ನು. ಆ ಮುದುಕಿ ಒಮ್ಮೆ ಕಣ್ಣು ಮುಚ್ಚಿದರೆ ಎಲ್ಲ ಸರಿಹೋಗುತ್ತದೆ ಅಂತ ಕೆಟ್ಟದ್ದನ್ನೂ ಬಯಸಿದ್ದುಂಟು.

ಆಮೇಲೆ ನಾನು ಬೊಲೊನ್ಯಾದ ಆಸ್ಪತ್ರೆಗೆ ಬಂದೆ. ಅವಳು ಹುಕ್ಕೇರಿಯಲ್ಲೇ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಈ ಸಲ ಇಟಲಿಯಲ್ಲಿ ನಡೆದ ಒಂದು ವಿಚಾರ ಸಂಕಿರಣಕ್ಕೆ ಬಂದು, ಅದು ಮುಗಿದ ಮೇಲೆ ನನ್ನ ಊರು ನೋಡಲು ರೈಲು ಹತ್ತಿದ್ದಳು. ಉಳಿಯಲು ಹೋಟೆಲೊಂದನ್ನು ಮೊದಲೇ ಗೊತ್ತುಮಾಡಿಕೊಂಡಿದ್ದಳು. ಅವಳು ಓದಿದ ಪ್ರಬಂಧ ಶರಣರ ದಾಸೋಹದ ಬಗ್ಗೆ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡ ಬಗ್ಗೆ. ಚಪ್ಪಾಳೆ ಬಹಳ ಬಿತ್ತಂತೆ.

ಬೊಲೊನ್ಯಾದ ಬೀದಿಗಳ ಬದಿಗೆ ಉದ್ದಕ್ಕೂ ಕಮಾನಿನ ಪಡಸಾಲೆಗಳಿವೆ. ಮಳೆ ಬಂದರೂ ತಲೆ ನೆನೆಯದೆ ಊರೆಲ್ಲ ತಿರುಗಬಹುದು. ಅವಳು ಕಂಬ ಕಂಬಕ್ಕೂ ನಿಂತು ಫೋಟೋ ತೆಗೆಸಿಕೊಂಡಳು. ಊರ ನಡುವೆ ವಾಲಿ ನಿಂತ ಹಳೆಯ ಗೋಪುರವೊಂದಿದೆ, ಸುತ್ತ ಬೇಲಿ ಹಾಕಿದ್ದಾರೆ.

"ಬೀಳತೈತೇನಲೇ ಇದು?"

"ನೂರಾರು ವರ್ಷದಿಂದ ಹಿಂಗ ನಿಂತೈತಿ. ಬೀಳಾಕ ಮನಸಿಲ್ಲ ಅದಕ್ಕ."

"ನಮ್ಮ ಪ್ರಿನ್ಸಿಪಾಲರ ಹಂಗ!" ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾರ್ಕೆಟ್ಟಿನ ಓಣಿಯಲ್ಲಿ ಅಂಗಡಿಯವನು ಚಾಕುವಿನ ತುದಿಯಲ್ಲಿ ಚಾಚಿದ ಚೀಸು ತಿಂದಳು. ತನ್ನ ಐಸ್‌ಕ್ರೀಮ್ ಮುಗಿಸಿ, ನನ್ನ ಚಮಚವನ್ನೇ ಕಸಿದುಕೊಂಡು ನನ್ನ ಕಪ್ಪಿಗೂ ಕೈ ಹಾಕಿದಳು.

"ಏ, ಅದು ನನ್ನ ಎಂಜಲ."

"ಇಲ್ಲಿ ಯಾವ ಎಂಜಲ, ಯಾವ ಮಡಿ? ಎಷ್ಟ ಛಲೋ ದೇಶಲೇ ಇದು!"

ಖರೆ ಹೇಳುತ್ತೇನೆ, ಅವತ್ತು ಆ ಓಣಿಯಲ್ಲಿ ನನ್ನಷ್ಟು ಖುಷಿಯಾಗಿದ್ದವರು ಯಾರೂ ಇರಲಿಲ್ಲ.

ಮಧ್ಯಾಹ್ನ ಮನೆಗೆ ಕರೆತಂದೆ. ಊರಿಂದ ತಂದು ಜೋಪಾನವಾಗಿಟ್ಟ ಬಿಳಿಜೋಳದ ಹಿಟ್ಟು ತೆಗೆದು ರೊಟ್ಟಿ ಬಡಿಯಲು ಕೂತರೆ, ಕೆಳಗಿನ ಮನೆಯ ಮುದುಕ ಕಸಬರಿಗೆಯ ಕೋಲಿನಿಂದ ತನ್ನ ಛಾವಣಿ ಕುಟ್ಟಿದ. ಕುಟ್ಟಿಕೋ ಮಾರಾಯ ಅಂತ ಇನ್ನೂ ಜೋರಾಗಿ ಬಡಿದೆ. ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಅವಳು ಕೂತಳು. ಉಂಡಳು! ಮತ್ತೆ ಮತ್ತೆ ಬೇಡಿ ಹಾಕಿಸಿಕೊಂಡು, ಬೆರಳು ನೆಕ್ಕಿ ಉಂಡಳು. "ಯವ್ವಾ, ನಿಮ್ಮವ್ವನ ಕೈ ಬಂದೈತಿ ನಿನಗ," ಅಂದಳು. ನಮ್ಮವ್ವನ ಕೈರುಚಿ ನಿನಗೆ ಯಾವಾಗ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ಎದ್ದು ಇನ್ನೊಂದು ರೊಟ್ಟಿ ಬಡಿಯಲು ಹೋದೆ.

ಅಷ್ಟರಲ್ಲಿ ಹುಕ್ಕೇರಿಯಿಂದ ಅವಳ ಅತ್ತೆಯ ವಿಡಿಯೋ ಕಾಲ್ ಬಂತು. ಗೆಳತಿ ಗಡಬಡಿಸಿ ಕುರ್ಚಿ ತಿರುಗಿಸಿಕೊಂಡಳು, ಹಿಂದೆ ಬರೀ ಗೋಡೆ ಕಾಣುವ ಹಾಗೆ. ನನ್ನ ಕಡೆ ನೋಡಿ, ಅಲ್ಲೇ ಇರು ಅಂತ ಕೈಸನ್ನೆ ಮಾಡಿದಳು.

"ಊಟ ಆತೇನವಾ?"

"ಆತ್ರಿ ಅತ್ತಿ. ಇಲ್ಲಿ ರೊಟ್ಟಿ ಸಿಕ್ಕೂರಿ!"

"ಅಯ್ಯ ಶಿವನ! ಆ ದೇಶದಾಗ ರೊಟ್ಟಿ ಯಾರ ಬಡದ್ರು?"

"ನಮ್ಮ ಮಂದೀನ ಒಬ್ರು ಖಾನಾವಳಿ ಇಟ್ಟಾರ್ರಿ. ಅಲ್ಲೇ ಕುಂತೇನಿ."

ನಮ್ಮ ಮಂದಿ. ಖಾನಾವಳಿ. ಹಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ. ಇವಳು ಉಂಡ ಮನೆಯೇ ಇಲ್ಲ ಅಂದುಬಿಟ್ಟಳು. ಹಿಟ್ಟು ಹತ್ತಿದ ಕೈಯಲ್ಲೇ ಹೋಗಿ ಅವಳ ಹೆಗಲ ಮೇಲಿಂದ ಫೋನಿಗೆ ಮುಖ ಕೊಟ್ಟೆ.

"ಶರಣ್ರಿ ಅವ್ವಾರ. ಖಾನಾವಳಿ ಅಲ್ರಿ, ಇದು ನನ್ನ ಮನಿ. ನಾ ಮಸಗುಪ್ಪಿಯಾಕಿ, ಕಾಲೇಜಿನಾಗ ಇಕಿ ಜೋಡಿ ಇದ್ದಾಕಿ. ರೊಟ್ಟಿ ನಾನ ಬಡದೇನ್ರಿ."

ಬೈಸಿಕೊಳ್ಳಲು ತಯಾರಾಗಿದ್ದೆ. ತಿರುಗಿ ಬೈಯುವ ಮಾತೂ ತುಟಿಯ ಮೇಲಿತ್ತು. ಮುದುಕಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

"ನೀನ ಏನ ಆಕಿ? ಅಲ್ಲವಾ, ಹುಕ್ಕೇರಿಗೆ ಬಂದ್ರೂ ನಮ್ಮ ಮನಿಗೆ ಯಾಕ ಬರತಿರಲಿಲ್ಲ? ಕರಕೊಂಡ ಬಾ ಅಂತ ನಾ ಹೇಳಿ ಹೇಳಿ ಸಾಕಾದೆ. ಆಕಿ ಬರಾಂಗಿಲ್ಲ, ಆಕೀಗೆ ಸೊಕ್ಕ ಭಾಳ ಅಂತಿದ್ಲು ಇಕಿ."

ಮುದುಕಿ ಇನ್ನೇನೋ ಕೇಳಿದರು, ಇಲ್ಲಿನ ಚಳಿಯ ಬಗ್ಗೆ ಇರಬೇಕು. ಹೂಂ ಅಂದೆ. ಗೆಳತಿ ಫೋನಿಟ್ಟಳು.

"ಓಣ್ಯಾಗಿನ ಮಂದಿ ಏನಂದಾರು ಅಂತ..." ಅಂದಳು. ಇಷ್ಟು ವರ್ಷ ನಾನು ಕಾಣದ ಮುದುಕಿಯೊಬ್ಬಳನ್ನು ದ್ವೇಷಿಸಿ ಇವಳನ್ನು ಉಳಿಸಿಕೊಂಡಿದ್ದೆ. ಈಗ ದ್ವೇಷಿಸಲು ಬೇರೆ ಯಾರೂ ಉಳಿಯಲಿಲ್ಲ.

ಅವಳು ಎದ್ದು ಕೈ ತೊಳೆದುಕೊಂಡು ಬಂದಳು. ಏನೂ ಆಗದವಳ ಹಾಗೆ, "ನಾಳಿ ಎಲ್ಲಿಗೆ ಕರಕೊಂಡ ಹೋಗತೀಯಲೇ?" ಅಂದಳು.

"ನಾಳಿ ನನಗ ಡ್ಯೂಟಿ ಐತಿ," ಅಂದೆ.

ಇರಲಿಲ್ಲ. ಅವಳಿಗೆಂದೇ ರಜೆ ಹಾಕಿದ್ದೆ. ಮರುದಿನ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತೆ. ಉಳಿದ ಊರನ್ನು ಅವಳು ಒಬ್ಬಳೇ ನೋಡಿಕೊಂಡು ಹೋದಳು.