ನೆಲದೊಳಗೆ ಗಂಟು ಹಾಕದ ಕರೆಂಟಕ್ಕ

ರಾತ್ರಿಯೆಲ್ಲ ಬೀಸಿದ ಗಾಳಿ ಬೆಳಗಿನ ಜಾವಕ್ಕೆ ಸುಮ್ಮನಾಗಿದೆ. ಮಂಜು ಹಿತ್ತಲಿಗೆ ಇಳಿದು, ಗೋಡೆಯೆತ್ತರಕ್ಕೆ ತುಂಬಿ ಕೂತಿದೆ. ಅದರೊಳಗಿಂದ ಗುದ್ದಲಿಯ ಸದ್ದು ಮಾತ್ರ ಕೇಳುತ್ತಿದೆ. ಹತ್ತಿರ ಹೋದರೆ ಖಾಕಿ ಶರಟು ತೊಟ್ಟ ಹೆಂಗಸೊಬ್ಬಳು ಮೊಣಕಾಲಾಳದ ಕಾಲುವೆಯಲ್ಲಿ ನಿಂತು ಮಣ್ಣು ಎತ್ತಿ ಹಾಕುತ್ತಿದ್ದಾಳೆ.

"ಈಗ ಮಣ್ಣು ಮೆತ್ತಗಿರತ್ತೆ. ಬಿಸಿಲೇರಿದ್ರೆ ಅದಕ್ಕೂ ಸಿಟ್ಟು, ನನಗೂ ಸಿಟ್ಟು" ಎನ್ನುತ್ತಾಳೆ, ತಲೆ ಎತ್ತದೆ.

ಊರಿಗೆಲ್ಲ ಈಕೆ ಕರೆಂಟಕ್ಕ. ವಯಸ್ಸು ಐವತ್ತೊಂದು. ಮನೆಯಿಂದ ಹಿತ್ತಲ ಶೆಡ್ಡಿಗೆ ಕರೆಂಟು ಒಯ್ದು ಕೊಡುವುದು ಈಕೆಯ ಕಸುಬು. ದೊಡ್ಡ ಕಟ್ಟಡಗಳಿಗೆ ವೈರಿಂಗ್ ಮಾಡುವವರು ಬೇಕಾದಷ್ಟಿದ್ದಾರೆ. ಶೆಡ್ಡು ಎಂದರೆ ಎಲ್ಲರೂ ಮುಖ ತಿರುಗಿಸುತ್ತಾರೆ. ಕೆಲಸ ಸಣ್ಣದು, ಅಗೆತ ದೊಡ್ಡದು. ಆದರೆ ಆ ತಗಡಿನ ಮಾಡಿನ ಕೆಳಗೇ ಎಷ್ಟೋ ಮನೆಗಳ ಅನ್ನ ಬೇಯುತ್ತದೆ ಎಂಬುದನ್ನು ಕರೆಂಟಕ್ಕ ಇಪ್ಪತ್ತಾರು ವರ್ಷಗಳಿಂದ ಬಲ್ಲಳು.

ಇವತ್ತಿನ ಮನೆ ಒಬ್ಬ ಬಡಗಿಯದು. ತಿರುಗುವ ಲೇತ್ ಯಂತ್ರದ ಮೇಲೆ ಮರ ಕಡೆದು ಕುರ್ಚಿ, ಮಂಚಗಳ ಕಾಲು ಮಾಡುವವನು. ಲೇತ್ ಇದ್ದದ್ದು ನಡುಮನೆಯಲ್ಲಿ. ಒಂಬತ್ತು ತಿಂಗಳ ಮಗಳಿಗೆ ಮರದ ಪುಡಿಯಿಂದ ಕೆಮ್ಮು ಹಿಡಿದು ಬಿಡದಾದಾಗ, ಹೆಂಡತಿ ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಬಡಗಿ ಒಮ್ಮೆ ಲೇತನ್ನು ಶೆಡ್ಡಿಗೆ ಸಾಗಿಸಿದ್ದೂ ಉಂಟು. ಅಲ್ಲಿ ಕರೆಂಟಿಲ್ಲದೆ ವಾರದೊಳಗೆ ಮತ್ತೆ ಮನೆಯೊಳಕ್ಕೇ ತಂದ. ಈಗ ಎರಡನೆಯ ಸಲ ಸಾಗಿಸಿ, ನೆಲ ಗೋಡೆ ಎಲ್ಲ ಒರೆಸಿದ್ದಾನೆ. ಸಂಜೆಯ ಬಸ್ಸಿಗೆ ತಾಯಿ ಮಗು ಬರುವವರಿದ್ದಾರೆ.

"ಶೆಡ್ಡಲ್ಲಿ ಲೇತ್ ತಿರುಗೋದನ್ನ ಕಣ್ಣಾರೆ ನೋಡಿದ್ರೇ ಉಳ್ಕೊಳ್ಳೋದು, ಇಲ್ಲಾಂದ್ರೆ ಅದೇ ಬಸ್ಸಿಗೆ ವಾಪಸ್ಸು ಅಂದಿದ್ದಾಳೆ, ಅಕ್ಕ" ಎನ್ನುತ್ತಾನೆ ಬಡಗಿ.

"ಸರಿಯಾಗೇ ಅಂದಿದ್ದಾಳೆ. ಮಾತಾಡ್ತಾ ನಿಂತ್ರೆ ಮಣ್ಣು ತಾನೇ ಎದ್ದು ಹೋಗತ್ತಾ ತಮ್ಮಾ? ಬುಟ್ಟಿ ಹಿಡಿ."

ಕರೆಂಟಕ್ಕನ ಅಪ್ಪ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದವರು. ಅವರ ಪಕ್ಕದಲ್ಲಿ ಕೂತೇ ಈಕೆ ಕಲಿತಳು. ಮೊದಮೊದಲು ಕರೆದವರೇ ಬಾಗಿಲಲ್ಲಿ ನಿಲ್ಲಿಸಿಬಿಡುತ್ತಿದ್ದರು. "ಕೆಲಸದವರು ಎಲ್ಲಿ ಅಂತ ನನ್ನ ಬೆನ್ನ ಹಿಂದೆ ಹುಡುಕೋರು. ಪಾಪ, ಅಲ್ಲಿ ನನ್ನ ಚೀಲ ಬಿಟ್ರೆ ಇನ್ಯಾರಿದ್ರು?" ಎಂದು ನಗುತ್ತಾಳೆ. ಒಂದೇ ತಿಂಗಳಲ್ಲಿ ಹನ್ನೊಂದು ಮನೆಯವರು ಹಾಗೆಯೇ ತಿರುಗಿ ಕಳಿಸಿದ್ದುಂಟು. ಇಂದು ಆಕೆ ಬೆಳಕು ಕೊಟ್ಟ ಶೆಡ್ಡುಗಳು ಮುನ್ನೂರ ನಲವತ್ತು ದಾಟಿವೆ. ಗಂಡನ ದೂರು ಬೇರೆ: "ಊರಿಗೆಲ್ಲ ಬೆಳಕು. ನಮ್ಮನೆ ಬಚ್ಚಲ ಬಲ್ಬು ಹೋಗಿ ಮೂರು ವಾರ ಆಯ್ತು."

ತಿಂಗಳಿಗೆ ಒಂದೋ ಎರಡೋ ಹಿತ್ತಲು, ದಿನಕ್ಕೆ ನಲವತ್ತು ಅಡಿ ಅಗೆತ. ಕಾಲುವೆಯ ತಳಕ್ಕೆ ಮರಳು, ಅದರ ಮೇಲೆ ಪೈಪು, ಪೈಪಿನೊಳಗೆ ಕೇಬಲ್. ಮತ್ತೆ ಮರಳು ಹರಡಿ ಇಟ್ಟಿಗೆಯ ಸಾಲು. ಮುಂದೆಂದೋ ಅಗೆಯುವವನ ಗುದ್ದಲಿ ಮೊದಲು ಇಟ್ಟಿಗೆಗೆ ತಾಗಿ ಎಚ್ಚರ ಹೇಳಲಿ ಎಂದು. ಇನ್ನೂ ಹುಟ್ಟದವನ ಜೀವಕ್ಕೂ ಇಂದೇ ಕಾವಲು ಇಡುವ ಈ ಕೆಲಸ ನೋಡುತ್ತಿದ್ದರೆ, ಇದೂ ಒಂದು ಪೂಜೆಯೇ ಅನ್ನಿಸುತ್ತದೆ.

ಮಧ್ಯಾಹ್ನ ಕೇಬಲ್ ಎಳೆದಾಗ ಕರೆಂಟಕ್ಕನ ಕೈ ನಿಲ್ಲುತ್ತದೆ. ಶೆಡ್ಡಿನೊಳಗೆ ಬೋರ್ಡು ಕೂರಬೇಕಾದ ಜಾಗಕ್ಕೆ ಅದು ನಾಲ್ಕಡಿ ಕಡಿಮೆ ಬಿದ್ದಿದೆ. ಹಿತ್ತಲನ್ನು ಅಳೆದಿದ್ದಾಳೆ, ಮನೆಯ ಕಡೆ ಕೇಬಲ್ ಗೋಡೆಯಿಂದ ಕಾಲುವೆಗೆ ಇಳಿಯುವುದನ್ನೂ ಲೆಕ್ಕ ಹಿಡಿದಿದ್ದಾಳೆ. ಶೆಡ್ಡಿನ ಕಡೆ ಅದು ಮತ್ತೆ ಮೇಲೆ ಹತ್ತಬೇಕು ಎಂಬುದನ್ನು ಮರೆತಿದ್ದಾಳೆ.

"ಹೊಸಬರು ಮಾಡೋ ತಪ್ಪು" ಎಂದು ಮಣ್ಣಿನ ಗುಡ್ಡೆಯ ಮೇಲೆ ಕೂರುತ್ತಾಳೆ. "ನನ್ನದೇ."

ಬಡಗಿ ಬುಟ್ಟಿ ಕೆಳಗಿಡುತ್ತಾನೆ. "ಒಂದು ತುಂಡು ಗಂಟು ಹಾಕಿ ಟೇಪ್ ಸುತ್ತಿಬಿಡಿ ಅಕ್ಕ. ಮಣ್ಣು ಮುಚ್ಚಿದ್ಮೇಲೆ ಯಾರು ನೋಡ್ತಾರೆ? ಅವಳು ಬಸ್ಸು ಹತ್ತಿ ಆಗಿದೆ."

"ನೀರು ನೋಡತ್ತೆ. ಇವತ್ತಲ್ಲ, ಎರಡು ಮಳೆಗಾಲ ಕಳೆದ್ಮೇಲೆ. ಆಗ ನಿನ್ನ ಮಗಳು ಇದೇ ಹಿತ್ತಲಲ್ಲಿ ಬರಿಗಾಲಲ್ಲಿ ಓಡಾಡ್ತಿರ್ತಾಳೆ."

ಕೇಬಲ್ ಸಿಗುವ ಅಂಗಡಿ ಊರಿನ ಆಚೆ ತುದಿಗಿದೆ. ಕರೆಂಟಕ್ಕ ಸೈಕಲ್ ಏರಿ ಹೋಗಿ, ತನ್ನ ಖರ್ಚಿನಲ್ಲೇ ಉದ್ದದ ಕೇಬಲ್ ಹೆಗಲಿಗೆ ಸುತ್ತಿಕೊಂಡು ಬರುತ್ತಾಳೆ. ಹಳೆಯದನ್ನು ಎಳೆದು ಹೊಸದನ್ನು ತೂರಿಸುವಷ್ಟರಲ್ಲಿ ಬಿಸಿಲು ಗೋಡೆ ಇಳಿದಿರುತ್ತದೆ. ಬೋರ್ಡು ಕೂರುತ್ತದೆ, ನೆಲಕ್ಕೆ ಅರ್ಥಿಂಗ್ ಕಡ್ಡಿ ಇಳಿಯುತ್ತದೆ. ಒಂದೊಂದು ತಿರುಪನ್ನೂ ಎರಡೆರಡು ಸಲ ಬಿಗಿದು, ಎಳೆದು ನೋಡುತ್ತಾಳೆ.

ಅಷ್ಟರಲ್ಲಿ ಬಡಗಿಯ ಹೆಂಡತಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಮಗು. ಮನೆಯೊಳಗೆ ಕತ್ತಲು, ಶೆಡ್ಡಿನಲ್ಲಿ ಲೇತ್ ಸುಮ್ಮನೆ ನಿಂತಿದೆ.

"ಇದೂ ಹೋದ ಸಲದ ಕಥೆನೇನಾ?" ಎಂದು ಗಂಡನನ್ನು ಕೇಳುತ್ತಾಳೆ.

ಉತ್ತರ ಕರೆಂಟಕ್ಕನಿಂದ ಬರುತ್ತದೆ. "ಅವನನ್ನ ಬೈಬೇಡ ತಾಯಿ. ಅಳತೆ ತಪ್ಪಿದ್ದು ನಾನು. ಇಷ್ಟು ಹೊತ್ತಾಗಿದ್ದು ಅದಕ್ಕೇ. ಈಗ ಮುಗೀತು. ನಿನ್ನ ಮೊಮ್ಮಕ್ಕಳ ಕಾಲದ ತನಕ ಆ ತಂತಿ ತಂಟೆ ಮಾಡಲ್ಲ."

ಅಷ್ಟು ಹೇಳುವಾಗ ಮಾತ್ರ ಅವಳ ದನಿಗೆ ತುಸು ಬಿಗುವು ಬರುತ್ತದೆ. ಅದು ಜಂಬವಲ್ಲ, ಜವಾಬ್ದಾರಿ ಹೊತ್ತವರ ದನಿ.

ಆಮೇಲೆ ಶರಟಿನ ಜೇಬಿನ ಗುಂಡಿ ಬಿಚ್ಚುತ್ತಾಳೆ. ಯಾವ ಮನೆಯಲ್ಲೇ ಆಗಲಿ, ಕೆಲಸ ಹಿಡಿಯುವ ಮೊದಲು ಮೇನ್ ಬೋರ್ಡಿನ ಫ್ಯೂಸನ್ನು ಕಿತ್ತು ತನ್ನ ಎದೆಯ ಜೇಬಿಗೆ ಹಾಕಿಕೊಳ್ಳುವುದು ಅವಳ ಪದ್ಧತಿ. ಅದು ಅಲ್ಲಿರುವತನಕ ಯಾರೂ ಮರೆತು ಕರೆಂಟು ಹಾಕುವಂತಿಲ್ಲ. ಬಡಗಿ ಕೈಯೊಡ್ಡುತ್ತಾನೆ. ಕರೆಂಟಕ್ಕ ಕಣ್ಣಲ್ಲೇ ಅವನಿಗೆ ಮಗುವನ್ನು ತೋರಿಸುತ್ತಾಳೆ. ಅವನು ಮಗುವನ್ನು ಎತ್ತಿಕೊಳ್ಳುತ್ತಾನೆ. ಬೆಚ್ಚಗಿನ ಆ ಬಿಳಿಯ ಪಿಂಗಾಣಿ ಫ್ಯೂಸನ್ನು ಅವಳು ತಾಯಿಯ ಬರಿದಾದ ಅಂಗೈಯಲ್ಲಿಡುತ್ತಾಳೆ.

"ನಿಮ್ಮನೆಯದು ತಾಯಿ. ಬೆಳಗಿಂದ ನನ್ನ ಹತ್ರ ಇತ್ತು."